ಚೌಕ ಕೋಣೆಯಲ್ಲಿ ಮಂದ್ರನಾದ

ನಮ್ಮ ಅತನೂರಿನಲ್ಲಿ ಮಣ್ಣಿನ ಮಾಳಿಗೆಗಳ ಸ್ಥಾನದಲ್ಲಿ ಸಿಮೆಂಟಿನ ಮನೆಗಳು ಏಳತೊಡಗಿದ ತರುವಾಯ, ನುಣುಪಾದ ಗಿಲಾವು, ಶಹಾಬಾದದ ಫರಸಿ, ಕಾಂಕ್ರೀಟಿನ ಛತ್ತು ಇವು ಮೂರೂ ಧ್ವನಿಯನ್ನು ಹೀರದೆ ಹಿಂದಿರುಗಿಸುವ ಕಾರಣ, ಸಂಗೀತಶ್ರವಣಕ್ಕೆಂದು ನಾನು ಮೀಸಲಿಟ್ಟ 12 ಅಡಿ ಚೌಕದ ಕೋಣೆಯಲ್ಲಿ ಗಾಯಕ ಮಲ್ಲಿಕಾರ್ಜುನ ಮನಸೂರರ ತಾನಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ತಬಲಾ ಜೋಡಿಯ ಡಗ್ಗಾದ ನಾದವು ಗುಂಯ್‌ಗುಟ್ಟುತ್ತ ಉಳಿದೆಲ್ಲವನ್ನೂ ಮುಚ್ಚುತ್ತಿತ್ತು. ವಿಜಯಪುರದ ಗೋಲಗುಮ್ಮಟದಲ್ಲಿ ಗೋಡೆಗಳು ದೂರವಾದುದರಿಂದ ಪ್ರತಿಧ್ವನಿಗಳು ಎಣಿಸುವಂತೆ ಬಿಡಿಬಿಡಿಯಾಗಿ ಕೇಳುತ್ತವೆ. ಸಣ್ಣ ಕೋಣೆಯಲ್ಲಾದರೋ ಧ್ವನಿಯು ಸೆಕೆಂಡಿನ 50ನೆಯ ಒಂದು ಪಾಲಿನಷ್ಟರಲ್ಲೇ ಗೋಡೆಗೆ ತಾಗಿ ಮರಳುವುದರಿಂದ, ಕಿವಿಯು ಅದನ್ನು ಪ್ರತ್ಯೇಕವಾಗಿ ಗ್ರಹಿಸಲಾರದೆ ಮೂಲಸ್ವರವೇ ಮಸುಕಾಯಿತೆಂದು ಭಾವಿಸುತ್ತದೆ.

ಈ ಮಸುಕಿಗೆ ಔಷಧ ಮನೆಯಲ್ಲೇ ಇತ್ತು. ನೆಲಕ್ಕೆ ಜಮಖಾನೆ ಹಾಸಿ, ಸ್ಪೀಕರುಗಳ ಎಡಬಲದ ಗೋಡೆಗಳಿಗೆ ದಪ್ಪನೆಯ ಕೌದಿಗಳನ್ನು, ಗೋಡೆಗೆ ಅಂಟಿಸದೆ ಮೂರು ನಾಲ್ಕು ಅಂಗುಲ ಅಂತರ ಬಿಟ್ಟು ತೂಗುಹಾಕಲಾಗಿ, ತಾನಗಳು ತಿಳಿಯಾದವು. 1895ರಲ್ಲಿ ಅಮೆರಿಕೆಯ ಹಾರ್ವರ್ಡ್ ವಿದ್ಯಾಪೀಠದ ವ್ಯಾಲೇಸ್ ಸ್ಯಾಬಿನ್ ಎಂಬ ವಿಜ್ಞಾನಿಯು, ಮಾತೇ ಅರ್ಥವಾಗದಂತೆ ಅನುರಣಿಸುತ್ತಿದ್ದ ಒಂದು ವ್ಯಾಖ್ಯಾನಮಂದಿರದಲ್ಲಿ, ಬೇರೊಂದು ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿಯ ವೇಳೆ ತಂದಿರಿಸಿ ಧ್ವನಿ ಹೀರುವ ಈ ಗುಣವನ್ನೇ ಅಳೆದು ತೋರಿಸಿದನು. ಆದರೆ ಅವನು ಊದಿಸಿದ ಆರ್ಗನ್ ಕೊಳವೆಯ ಸ್ವರ ಸೆಕೆಂಡಿಗೆ 512 ಕಂಪನಗಳದು. ಮಂದ್ರದ ಮಾತು ಬೇರೆ.

ಹನ್ನೆರಡು ಅಡಿಯ ಕೋಣೆಯು ಸೆಕೆಂಡಿಗೆ ಸುಮಾರು 47 ಕಂಪನಗಳ ಸ್ವರಕ್ಕೆ, ಮತ್ತೆ ಅದರ ಇಮ್ಮಡಿಗೆ, ತಾನೇ ವಾದ್ಯವಾಗಿ ಅನುನಾದಗೊಳ್ಳುತ್ತದೆ. ಉದ್ದಗಲಗಳು ಸಮನಾಗಿದ್ದರೆ ಎರಡು ದಿಕ್ಕಿನ ಅನುನಾದಗಳೂ ಒಂದೇ ಸ್ವರದಲ್ಲಿ ಕೂಡಿ ಬಲಗೊಳ್ಳುತ್ತವೆ. ಅಂಥ ಅಲೆಯ ಉದ್ದ 24 ಅಡಿ. ಅದನ್ನು ಚೆನ್ನಾಗಿ ಹೀರಬೇಕಾದರೆ ಅರಳೆಯ ಪದರವು ಅದರ ಕಾಲುಭಾಗ, ಎಂದರೆ ಆರು ಅಡಿ ದಪ್ಪವಿರಬೇಕು. ಹೀಗಿರಲು ಇನ್ನಷ್ಟು ಕೌದಿ ತೂಗಿದರೆ ತಂಬೂರಿಯ ಝೇಂಕಾರ ಸಾಯುವುದೇ ಹೊರತು ಗುಂಗು ಸಾಯದು. ಹಾಗೆ ತೂಗಿ ಕೋಣೆಯನ್ನು ನಿರ್ಜೀವಗೊಳಿಸುವುದು ನನ್ನ ಮಟ್ಟಿಗೆ ಸಂಗೀತಕ್ಕೆ ಬಗೆಯುವ ಅಪಚಾರ. ಹಣ ಬೇಡದ ಉಪಾಯವೇ ಇಲ್ಲಿ ಹೆಚ್ಚು ಫಲಿಸಿತು. ಮೂಲೆಯಲ್ಲಿರಿಸಿದ ಸ್ಪೀಕರು ಕೋಣೆಯ ಎಲ್ಲ ಅನುನಾದಗಳನ್ನೂ ಕೆರಳಿಸುವುದರಿಂದ ಸ್ಪೀಕರುಗಳನ್ನು ಮುಂದಕ್ಕೆಳೆದು, ಹಿಂಗೋಡೆಗೆ ಒರಗಿ ಕೂಡುವ ಅಭ್ಯಾಸ ಬಿಟ್ಟು, ಅದರಿಂದ ನಾಲ್ಕು ಅಡಿ ಈಚೆಗೆ ಕುಳಿತಾಗ ಡಗ್ಗಾದ ಒಂದೊಂದು ಘಾತವೂ ತನ್ನ ತೂಕದಲ್ಲೇ ಬಂದು ನಿಂತಿತು.

ಆ ಮೇಲೆ ಪಿಂಜಿದ ಅರಳೆಯನ್ನು ಸಡಿಲವಾಗಿ ತುಂಬಿದ ಚೀಲಗಳನ್ನು ಎರಡು ಮೂಲೆಗಳಲ್ಲಿ ಛತ್ತಿನವರೆಗೆ ಪೇರಿಸಿದೆನು. ಇಮ್ಮಡಿಯ ಅನುನಾದ ಇದರಿಂದ ತಗ್ಗಿತು. 47ರದು ಪೂರ್ತಿ ಅಳಿದಿಲ್ಲ. ಬಾಗಿಲು ತೆರೆದಿಟ್ಟರೆ ಅದೂ ಕೊಂಚ ಕಡಮೆಯಾಗುತ್ತದೆ. ಪಡಸಾಲೆಯಲ್ಲಿ ಮಲಗಿದವರ ನಿದ್ರೆಯನ್ನು ಮಾತ್ರ ನೋಡಿಕೊಳ್ಳಬೇಕು.