ಉದುರಿದ ಎಲೆಯ ಲೆಕ್ಕ

ಚಳ್ಳಕೆರೆ ಕಡೆ ನಮ್ಮದು ಮೂರು ಎಕರೆ ಶೇಂಗಾ. ಹೋದ ವರ್ಷ 105 ದಿನಕ್ಕೇ ಕಾಯಿ ಬಲಿತಿತ್ತು. ಬಲಿತದ್ದು ನನಗೂ ಗೊತ್ತಿತ್ತು. ಆದರೆ ಅದೇ ವಾರ ಸುತ್ತಲಿನ ಹೊಲಗಳೆಲ್ಲ ಒಟ್ಟಿಗೇ ಕೀಳುವುದಕ್ಕೆ ಬಂದು ಕೂಲಿ ಏರಿ ಕೂತಿತ್ತು. ಹತ್ತು ದಿನ ತಡೆದರೆ ಆಳಿಗೆ 100 ರೂಪಾಯಿ ಇಳಿಯುತ್ತದೆ, 20 ಆಳಿಗೆ 2,000 ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಊರಿಗೆಲ್ಲ ದುಡ್ಡಿನ ಬುದ್ಧಿ ಹೇಳಿ ಅಂಕಣ ಬರೆಯುವವನು ನಾನು!

ಅಷ್ಟರಲ್ಲಿ ಎರಡು ಮಳೆ ಬಿದ್ದವು. ಅಲ್ಲಲ್ಲಿ ಇದ್ದ ಟಿಕ್ಕಾ ರೋಗದ ಚುಕ್ಕೆ ಹೊಲವೆಲ್ಲ ಹಬ್ಬಿ ಎಲೆ ಉದುರಿತು. ನಾವು ಹಾಕಿದ್ದು ಟಿಎಂವಿ-2 ತಳಿ. ಬಲಿತ ಮೇಲೆ ನೆಲ ಹಸಿಯಾದರೆ ಅದರ ಬೀಜ ಅಲ್ಲೇ ಮೊಳಕೆ ಒಡೆಯುತ್ತದೆ. ಕಾಯಿಯ ನಷ್ಟ ಮಂಡಿಯಲ್ಲೇ ಕಂಡಿತು. ಬಳ್ಳಿಯ ನಷ್ಟ ಗೊತ್ತಾದದ್ದು ಕೊಳ್ಳುವವರು ಬಂದಾಗ.

ಪ್ರತಿ ವರ್ಷ ನಮ್ಮ ಬಳ್ಳಿ ಒಯ್ಯುವ ಹೈನುಗಾರರೊಬ್ಬರು ಬಣವೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ಎಳೆದರು. ಕೊಡವಿದರು, ಮೂಸಿದರು. "ಎಲೆ ಎಲ್ಲೈತಣ್ಣ ಇದ್ರಾಗೆ? ಬರೀ ಕಡ್ಡಿ. ಇದ್ನ ತಿನ್ಸಿ ಮ್ಯಾಲೆ ಹಿಂಡಿ ಬ್ಯಾರೆ ಹಾಕ್ಬೇಕು." ಹಿಂದಿನ ವರ್ಷ ಟ್ರ್ಯಾಕ್ಟರ್ ಲೋಡಿಗೆ 6,000 ಕೊಟ್ಟವರು 3,500ಕ್ಕೆ ನಿಂತರು. ಎರಡು ಲೋಡಿಗೆ 5,000 ಹೋಯಿತು.

ಅವರ ಮಾತು ಸರಿ. ರಾಗಿ ಹುಲ್ಲಿನಲ್ಲಿ ಪ್ರೋಟೀನ್ ಶೇ. 3-4, ಎಲೆ ಉಳಿದ ಶೇಂಗಾ ಬಳ್ಳಿಯಲ್ಲಿ ಶೇ. 10ರ ಆಸುಪಾಸು. ಆ ಸತ್ವ ಹೆಚ್ಚಾಗಿ ಇರುವುದೇ ಎಲೆಯಲ್ಲಿ, ಕಡ್ಡಿ ದಿನ ಕಳೆದಂತೆ ನಾರಾಗುತ್ತದೆ. ಹಾಗೆಂದು ಬಳ್ಳಿಯಾಸೆಗೆ ಎಳೆಯದನ್ನೇ ಕಿತ್ತರೆ ಬೀಜ ಸುಕ್ಕಿ ಎಣ್ಣೆ ಅಂಶ ಇಳಿಯುತ್ತದೆ. ದುಡ್ಡು ತರುವುದು ಕಾಯಿಯೇ ತಾನೆ. ಐದಾರು ಕಡೆ ಗಿಡ ಕಿತ್ತು ಕಾಯಿ ಒಡೆದು ನೋಡಿ. ಮುಕ್ಕಾಲು ಪಾಲು ಕಾಯಿಗಳ ಸಿಪ್ಪೆಯ ಒಳಮೈ ಕಪ್ಪಗಾಗಿದ್ದರೆ ಅಂದು ಸಂಜೆಯೇ ಆಳಿಗೆ ಹೇಳಿಬಿಡಿ. ಒಣಗಿದ ಬಳ್ಳಿಯನ್ನು ಉರಿಬಿಸಿಲಲ್ಲಿ ಹೊರಬೇಡಿ, ಇರುವ ಎಲೆಯೂ ಪುಡಿಯಾಗಿ ಹೊಲದ ಪಾಲಾಗುತ್ತದೆ. ಬೆಳಗಿನ ಇಬ್ಬನಿಗೆ ಚೂರು ಮೆತ್ತಗಾದಾಗ ಹೊರಿ. ಮಳೆಗೆ ನೆಂದದ್ದನ್ನು ಮಾತ್ರ ಹಾಗೇ ಬಣವೆ ಒಟ್ಟಬೇಡಿ, ಬೂಷ್ಟು ಹಿಡಿಯುತ್ತದೆ.

ಈ ಸಲ 107ನೇ ದಿನಕ್ಕೆ ಕಿತ್ತೆವು. ಆಳಿಗೆ 100 ರೂಪಾಯಿ ಹೆಚ್ಚೇ ಕೊಟ್ಟೆ. ಬಣವೆ ಇನ್ನೂ ಮಾರಿಲ್ಲ.