ನಾಲ್ಕು ಬ್ಯಾಂಡು, ಒಂದೇ ಗಾಡಿ

ಹಾರ್ಡ್ ರಾಕ್ ಮತ್ತು ಹೆವಿ ಮೆಟಲ್ ತಂಡಗಳು ಒಟ್ಟುಗೂಡಿ ಮಾಡುವ ಸಂಗೀತ ಪ್ರವಾಸದ ಬಗ್ಗೆ ಬೀದರ್ ಜಿಲ್ಲೆಯ ಓದುಗರು ಬರೆದ ಪತ್ರಗಳಿಗೆ ಧ್ವನಿ ತಂತ್ರಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಮಾಣಿಕನಗರದವನು, ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮದೊಂದು ಮೆಟಲ್ ಬ್ಯಾಂಡ್ ಇದೆ. ಪುಣೆ, ಸೊಲ್ಲಾಪುರ, ಕಲಬುರಗಿಯ ಗೆಳೆಯರ ಮೂರು ಬ್ಯಾಂಡುಗಳ ಜೊತೆ ಸೇರಿ ಒಂದು ಟೂರ್ ಮಾಡುವ ಆಸೆ. ನಾಲ್ಕರಲ್ಲಿ ಯಾರಿಗೂ ಹೆಸರಿಲ್ಲ, ದುಡ್ಡೂ ಇಲ್ಲ. ಇದು ಆಗುವ ಮಾತೇ?
– ಒಬ್ಬ ವಿದ್ಯಾರ್ಥಿ, ಮಾಣಿಕನಗರ

ಉತ್ತರ: ಆಗುವ ಮಾತು. ಹೆಸರೂ ದುಡ್ಡೂ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಒಂದು ತಂಡ ತಾನೊಂದೇ ಕರೆದರೆ ಬರುವವರು ಅದರ ಗೆಳೆಯರು ಮಾತ್ರ. ನಾಲ್ಕು ತಂಡ ಕೂಡಿ ಕರೆದರೆ ಪ್ರತಿ ಊರಿನಲ್ಲೂ ಒಂದು ತಂಡವಾದರೂ ಆ ಊರಿನದೇ ಆಗಿರುತ್ತದೆ. ಹಾಲ್ ಹುಡುಕುವುದು, ಪೊಲೀಸ್ ಪರವಾನಗಿ ಪಡೆಯುವುದು, ಊಟ, ಮಲಗುವ ಜಾಗ, ಇದನ್ನೆಲ್ಲ ಆ ಊರಿನ ತಂಡವೇ ನೋಡಿಕೊಳ್ಳಲಿ.

ಮೊದಲು ನಕ್ಷೆ ತೆಗೆದು ನೋಡಿ. ರಾಕ್ ಎಂದರೆ ಬೆಂಗಳೂರೇ ಎಂದುಕೊಂಡು ನಮ್ಮ ಭಾಗದ ಹುಡುಗರು ಆರುನೂರು ಕಿಲೋಮೀಟರ್ ದೂರದ ಕಡೆಗೇ ಮುಖ ಮಾಡಿ ಕೂತಿದ್ದಾರೆ. ಆದರೆ ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ನಿಮ್ಮೂರ ಪಕ್ಕದ ಹುಮನಾಬಾದನ್ನು ಹಾದೇ ಹೋಗುತ್ತದೆ. ಅಲ್ಲಿಂದ ಪೂರ್ವಕ್ಕೆ ಹೈದರಾಬಾದ್, ಪಶ್ಚಿಮಕ್ಕೆ ಸೊಲ್ಲಾಪುರ, ಎರಡೂ ಸುಮಾರು 150 ಕಿ.ಮೀ. ಕಲಬುರಗಿ ಅದರ ಅರ್ಧದಷ್ಟೂ ದೂರವಿಲ್ಲ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಶುರುವಾಗಿದೆ. ಮೆಟಲ್ ಕೇಳುವ ದೊಡ್ಡ ಬಳಗವಿರುವ ಎರಡು ನಗರಗಳ ನಡುವೆ, ಹೆದ್ದಾರಿಯ ಮಗ್ಗುಲಲ್ಲೇ ನೀವಿದ್ದೀರಿ. ಪುಣೆ, ಸೊಲ್ಲಾಪುರ, ಕಲಬುರಗಿ, ಹೈದರಾಬಾದ್ ಎಂದು ಹೋದರೆ ಯಾವ ದಿನವೂ ಹಗಲು ಪ್ರಯಾಣ ಮುಗಿಸಿ ಸಂಜೆ ನುಡಿಸಲು ಅಡ್ಡಿಯಿಲ್ಲ.

ಇನ್ನು ಸಾಮಾನು. ಒಂದೇ ಡ್ರಮ್ ಸೆಟ್, ಒಂದೇ ಬೇಸ್ ಆಂಪ್ಲಿಫೈಯರ್, ಎರಡು ಗಿಟಾರ್ ಆಂಪ್ಲಿಫೈಯರ್ ನಾಲ್ಕೂ ತಂಡಕ್ಕೆ ಸಾಕು. ಸಿಂಬಲ್, ಸ್ನೇರ್, ಕಾಲಿನ ಪೆಡಲ್ ಮಾತ್ರ ಪ್ರತಿ ಡ್ರಮ್ಮರ್ ತನ್ನದೇ ತರಬೇಕು, ಯಾಕೆಂದರೆ ಬೇಗ ಒಡೆಯುವುದು, ಸವೆಯುವುದು ಅವೇ. ಯಾವ ವಾದ್ಯಕ್ಕೆ ಎಷ್ಟು ಮೈಕ್, ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಚಿತ್ರ ಸಮೇತ ಬರೆದು ಹಾಲ್‌ನ ಸೌಂಡ್ ನೋಡುವವರಿಗೆ ವಾರ ಮೊದಲೇ ಕಳಿಸಿ. ಹೊಸ ತಂಡಗಳ ಸಂಜೆ ಹಾಳಾಗುವುದು ಹೆಚ್ಚಾಗಿ ಈ ಒಂದು ಹಾಳೆ ಇಲ್ಲದೆ.

ಹಣದ ಲೆಕ್ಕ ಒಬ್ಬರ ಕೈಯಲ್ಲಿರಲಿ, ಆ ಒಬ್ಬರು ಯಾವ ತಂಡದವರೂ ಆಗಿರದಿದ್ದರೆ ಒಳ್ಳೆಯದು. ಬಂದ ದುಡ್ಡಿನಲ್ಲಿ ಡೀಸೆಲ್, ಬಾಡಿಗೆ, ಊಟ ಕಳೆದು ಉಳಿದದ್ದನ್ನು ತಂಡಕ್ಕಿಷ್ಟೆಂದು ಸಮವಾಗಿ ಹಂಚಿ. ತಲೆಗಿಷ್ಟೆಂದು ಹಂಚಿದರೆ ಮೂವರಿರುವ ತಂಡ ಮುಂದಿನ ಸಲ ನಿಮ್ಮ ಜೊತೆ ಬರುವುದಿಲ್ಲ.

ಬೆಂಗಳೂರಿನ ಕ್ರಿಪ್ಟೋಸ್ ತಂಡ 1998ರಲ್ಲಿ ಶುರುವಾದಾಗ ಅವರ ಮುಂದೆಯೂ ಸಿದ್ಧ ದಾರಿಯೇನೂ ಇರಲಿಲ್ಲ. ಅದೇ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು.

ಪ್ರಶ್ನೆ: ನಮ್ಮಲ್ಲಿ ಮೂರು ತಂಡ ಸೇರಿ ಕಾರ್ಯಕ್ರಮ ಮಾಡೋಣ ಅಂದರೆ ಕೊನೆಗೆ ನುಡಿಸುವವರು ಯಾರು ಎಂಬಲ್ಲಿಗೇ ಜಗಳ ನಿಂತಿದೆ. ಏನು ಮಾಡುವುದು?
– ಗಿಟಾರ್ ವಾದಕ, ಹುಮನಾಬಾದ್

ಉತ್ತರ: ಸರದಿ ಹಾಕಿ. ಈ ಜಗಳ ದೊಡ್ಡವರಲ್ಲೂ ಇದೆ. 1991ರಲ್ಲಿ ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್ ಮೂರೂ ಸರಿಸಮ ಹೆಸರಿನ ತಂಡಗಳು ‘ಕ್ಲ್ಯಾಶ್ ಆಫ್ ದಿ ಟೈಟನ್ಸ್’ ಎಂದು ಅಮೆರಿಕ ಸುತ್ತಿದಾಗ ಕೊನೆಯ ಸರದಿಯನ್ನು ಊರಿಂದೂರಿಗೆ ಬದಲಿಸಿಕೊಂಡರು. ಆ ಪ್ರವಾಸದಲ್ಲಿ ಮೊದಲು ನುಡಿಸಲು ಬಂದದ್ದು ಆಗಿನ್ನೂ ಹೊಸಬರಾಗಿದ್ದ ಆಲಿಸ್ ಇನ್ ಚೈನ್ಸ್. ಅವರೂ ಮುಂದೆ ದೊಡ್ಡ ಹೆಸರು ಮಾಡಿದರು.

ಸರದಿ ಏನೇ ಇರಲಿ, ಮಧ್ಯಾಹ್ನದ ಸೌಂಡ್‌ಚೆಕ್ ತಿರುವುಮುರುವಾಗಿ ನಡೆಯಬೇಕು. ಕೊನೆಗೆ ನುಡಿಸುವವರು ಮೊದಲು, ಮೊದಲು ನುಡಿಸುವವರು ಕೊನೆಗೆ. ಆಗ ಮೊದಲ ತಂಡದ ಸಾಮಾನು ವೇದಿಕೆಯ ಮೇಲೆ ಹೇಗಿದೆಯೋ ಹಾಗೇ ನಿಂತಿರುತ್ತದೆ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ತಮ್ಮ ಸರದಿ ಮುಗಿದ ಕೂಡಲೆ ಗೆಳೆಯರನ್ನು ಕಟ್ಟಿಕೊಂಡು ಹೊರಗೆ ಹೋಗುವ ತಂಡಗಳಿವೆ. ನಮ್ಮ ಕಡೆಯ ಹರದೇಶಿ–ನಾಗೇಶಿ ಮೇಳಗಳನ್ನು ನೋಡಿ. ರಾತ್ರಿಯೆಲ್ಲ ಸವಾಲಿಗೆ ಜವಾಬು ಕೊಡುತ್ತ ಹಾಡುತ್ತಾರೆ, ಎದುರಿನ ಮೇಳದವರ ಒಂದೊಂದು ನುಡಿಯನ್ನೂ ಕಿವಿಗೊಟ್ಟು ಕೇಳುತ್ತಾರೆ, ಕೇಳದಿದ್ದರೆ ಜವಾಬು ಹುಟ್ಟುವುದೇ ಇಲ್ಲ. ಒಂದೇ ವೇದಿಕೆ ಹಂಚಿಕೊಂಡ ಬ್ಯಾಂಡುಗಳೂ ಕೊನೆಯ ತಂಡದ ಕೊನೆಯ ಹಾಡಿನ ತನಕ ಸಭೆಯಲ್ಲಿ ನಿಲ್ಲಬೇಕು.

ಪ್ರಶ್ನೆ: ಮಗ ಇಂಥ ಕಾರ್ಯಕ್ರಮಕ್ಕ ಬೆಂಗಳೂರಿಗೆ ಹೋಗ್ತೀನಂತ ಹಟ ಹಿಡದಾನ. ಆ ಸಪ್ಪಳಕ್ಕ ಕಿವಿ ಹೋಗ್ತಾವಂತ ನಮ್ಮ ಮನಿಯವರ ಅಂಜಿಕಿ. ಗದ್ದಲದಾಗ ಏನರ ಆದ್ರ ಅಂತ ನನ್ನ ಅಂಜಿಕಿ. ಕಳಸಬೇಕೋ ಬ್ಯಾಡೋ?
– ಒಬ್ಬ ತಂದೆ, ಬಸವಕಲ್ಯಾಣ

ಉತ್ತರ: ಕಳಿಸಿರಿ. ಆದರೆ ನಿಮ್ಮ ಮನೆಯವರ ಅಂಜಿಕೆ ಸುಳ್ಳಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ ಎಂಬುದು ತಜ್ಞರು ಒಪ್ಪಿದ ಲೆಕ್ಕ. ಹಾಗೆ ನೋಡಿದರೆ 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ. ರಾಕ್ ಕಾರ್ಯಕ್ರಮದಲ್ಲಿ ಸ್ಪೀಕರ್ ಹತ್ತಿರ ಅದಕ್ಕಿಂತ ಹೆಚ್ಚೇ ಇರುತ್ತದೆ, ನಾಲ್ಕು ತಂಡ ಇದ್ದರೆ ಅದು ಮೂರ್ನಾಲ್ಕು ಗಂಟೆ ನಡೆಯುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಫೋಮಿನ ಇಯರ್‌ಪ್ಲಗ್ ಮಗನ ಜೇಬಿನಲ್ಲಿರಲಿ, ಸ್ಪೀಕರ್ ಮುಂದೆ ನಿಲ್ಲದಿರಲಿ, ತಂಡ ಬದಲಾಗುವ ಹೊತ್ತಿನಲ್ಲಿ ಹೊರಗೆ ಬಂದು ಕಿವಿಗೆ ವಿಶ್ರಾಂತಿ ಕೊಡಲಿ. ಮರುದಿನವೂ ಕಿವಿ ಗುಂಯ್‌ಗುಡುತ್ತಿದ್ದರೆ ವೈದ್ಯರಿಗೆ ತೋರಿಸಿರಿ.

ಗದ್ದಲದ ವಿಷಯ. 2011ರ ಅಕ್ಟೋಬರ್ 28ಕ್ಕೆ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಮೆಟಾಲಿಕಾ ನುಡಿಸಬೇಕಿತ್ತು. ಜನರ ಸುರಕ್ಷತೆಯ ಪ್ರಶ್ನೆ ಎದ್ದು ಕಾರ್ಯಕ್ರಮ ನಿಂತಿತು, ಸಿಟ್ಟಿಗೆದ್ದ ಕೆಲವರು ವೇದಿಕೆಯನ್ನೇ ಹಾಳುಮಾಡಿದರು. ಎರಡೇ ದಿನದ ಮೇಲೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ತಂಡ ಸಾವಿರಾರು ಜನರ ಮುಂದೆ ನುಡಿಸಿತು, ಜನ ಕೇಳಿ ಸುಖವಾಗಿ ಮನೆಗೆ ಹೋದರು. ವ್ಯವಸ್ಥೆ ಗಟ್ಟಿಯಿದ್ದರೆ ಈ ಸಂಗೀತದ ಜನ ಶಾಂತವಾಗಿಯೇ ಇರುತ್ತಾರೆ. ಒಳಗೆ ಹೋದ ಕೂಡಲೆ ಹೊರಗೆ ಬರುವ ದಾರಿ ಎಲ್ಲಿದೆ ನೋಡಿಕೊಳ್ಳಲು ಮಗನಿಗೆ ಹೇಳಿ.

ಪ್ರಶ್ನೆ: ದತ್ತ ಜಯಂತಿಗೆ ಮಹಾನ್ ಗಾಯಕರು ಬಂದು ಸೇವೆ ಸಲ್ಲಿಸುವ ಊರು ನಮ್ಮದು. ಈಗ ಮೊಮ್ಮಗ ಮತ್ತು ಗೆಳೆಯರು ಇಲ್ಲಿಯೇ ಬ್ಯಾಂಡ್ ಕಾರ್ಯಕ್ರಮ ಇಡುವ ಮಾತಾಡುತ್ತಿದ್ದಾರೆ. ಇದು ಸರಿಯೇ?
– ಒಬ್ಬ ಹಿರಿಯರು, ಮಾಣಿಕನಗರ

ಉತ್ತರ: ಅಜ್ಜನವರೇ, ಮಾಣಿಕ ಪ್ರಭುಗಳ ಸನ್ನಿಧಿಯ ಸಮೀಪ ಬೇಡ, ದತ್ತ ಜಯಂತಿಯ ದಿನಗಳಲ್ಲಂತೂ ಬೇಡವೇ ಬೇಡ. ಮೊಮ್ಮಗನಿಗೂ ಇದನ್ನೇ ಹೇಳುತ್ತೇನೆ. ಪ್ರಭುಗಳ ದರ್ಬಾರಿನಲ್ಲಿ ತಾನಪೂರದ ಶ್ರುತಿಗೆ ಕಿವಿ ಹೊಂದಿಸಿ ಕೂರುವ ಜನರ ನಡುವೆ ಸಾವಿರಾರು ವ್ಯಾಟ್‌ನ ಸ್ಪೀಕರ್ ತಂದಿಡುವುದು ಎರಡೂ ಸಂಗೀತಕ್ಕೆ ಅನ್ಯಾಯ. ಕಾನೂನಿನ ಮಾತೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು.

ಆದರೆ ಹುಮನಾಬಾದಿನಲ್ಲೋ ಕಲಬುರಗಿಯಲ್ಲೋ ಗೋಡೆ, ಬಾಗಿಲು ಗಟ್ಟಿಯಿರುವ ಸಭಾಂಗಣ ಹಿಡಿದರೆ ತಡೆಯಬೇಡಿ. ಸಂಜೆ 6ಕ್ಕೆ ಶುರುಮಾಡಿ, ತಂಡಕ್ಕೆ 40 ನಿಮಿಷ, ನಡುವೆ ಸಾಮಾನು ಬದಲಿಸಲು 20 ನಿಮಿಷ ಕೊಟ್ಟರೆ ನಾಲ್ಕು ತಂಡಗಳು 9.40ಕ್ಕೆ ಮುಗಿಸುತ್ತವೆ. ಪಕ್ಕದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು ಹಲವು ಭಾಷೆಗಳಲ್ಲಿ ಪದ ಕಟ್ಟಿದವರು, ಸಕಲಮತವನ್ನೂ ಒಪ್ಪಿದವರು. ಹಲವು ಕಲಾವಿದರು ಒಂದೇ ಸಭೆಯ ಮುಂದೆ ಸರದಿಯಂತೆ ಕೂರುವ ಪದ್ಧತಿ ಮೊಮ್ಮಗನಿಗೆ ನಿಮ್ಮೂರಿನಿಂದಲೇ ಬಂದಿರಬೇಕು. ಆಗುವುದಾದರೆ ಒಂದು ಸಂಜೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಿ.

ಪ್ರಶ್ನೆ: ದೊಡ್ಡ ಬ್ಯಾಂಡಿನ ಮುಂಚೆ ನಮಗೆ ಅರ್ಧ ಗಂಟೆ ಕೊಡುತ್ತೇವೆ, ಅದಕ್ಕೆ ನೀವೇ ದುಡ್ಡು ಕಟ್ಟಬೇಕು ಎಂದು ಒಬ್ಬ ಸಂಘಟಕರು ಕೇಳುತ್ತಿದ್ದಾರೆ. ಕಟ್ಟಬಹುದೇ?
– ಡ್ರಮ್ಮರ್, ಬಸವಕಲ್ಯಾಣ

ಉತ್ತರ: ಯುರೋಪಿನ ಪ್ರವಾಸಗಳಲ್ಲಿ ಈ ರೂಢಿ ಇದೆ. ಅಲ್ಲಿ ಆ ಹಣಕ್ಕೆ ಬಸ್ಸಿನಲ್ಲಿ ಸೀಟು, ಸೌಂಡ್, ತಂಡದ ಟೀ ಶರ್ಟ್ ಮಾರಲು ಜಾಗ ಎಂದು ಕರಾರಿನಲ್ಲಿ ಬರೆದುಕೊಡುತ್ತಾರೆ. ಒಂದೇ ಸಂಜೆಗೆ, ಬಾಯಿಮಾತಿನ ಮೇಲೆ ಕೇಳಿದರೆ ಕೊಡಬೇಡಿ. 2007ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಐರನ್ ಮೇಡನ್ ಬಂದಾಗ ಅವರಿಗಿಂತ ಮುಂಚೆ ನುಡಿಸಿದವರಲ್ಲಿ ದೆಹಲಿಯ ಪರಿಕ್ರಮ ಒಂದು. ಅದೇ ವರ್ಷ ಜೂನ್‌ನಲ್ಲಿ ಆ ತಂಡ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವಕ್ಕೆ ಹೋಗಿ ಬಂತು. ಅರ್ಧ ಗಂಟೆಯಲ್ಲಿ ಚೆನ್ನಾಗಿ ನುಡಿಸಿದವರಿಗೆ ಮುಂದಿನ ಬಾಗಿಲು ತೆರೆಯುತ್ತದೆ. ನೀವು ಕಟ್ಟಬೇಕೆಂದಿರುವ ದುಡ್ಡಿನಲ್ಲಿ ಮಾಣಿಕನಗರದ ಆ ವಿದ್ಯಾರ್ಥಿಯ ಗಾಡಿಗೆ ಡೀಸೆಲ್ ಹಾಕಿಸಿ, ಐದನೆಯ ತಂಡವಾಗಿ ಅವರ ಜೊತೆ ಹೊರಡಿ.