ನಿದ್ರೆಯಲ್ಲೂ ಎಚ್ಚರಿರುವ ಕಾವಲು



ಮನೆಗೆ ಬೆಂಕಿ ತಗುಲಿದಾಗ ಜ್ವಾಲೆಗಿಂತ ಮೊದಲು ಪ್ರಾಣ ಹರಣ ಮಾಡುವುದು ಬಹುಮಟ್ಟಿಗೆ ಹೊಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಆಮ್ಲಜನಕವನ್ನು ಒಯ್ಯದಂತೆ ಅದು ತಡೆಯುತ್ತದೆ. ಹೊಗೆಯ ವಾಸನೆಗೆ ಎಚ್ಚರವಾದೀತೆಂದು ಅನೇಕರು ನಂಬಿರುತ್ತಾರೆ. ಆದರೆ ಗಾಢನಿದ್ರೆಯಲ್ಲಿ ಮೂಗನ್ನು ನೆಚ್ಚುವಂತಿಲ್ಲ. ನಮ್ಮನ್ನು ಎಬ್ಬಿಸಬಲ್ಲುದು ಗಟ್ಟಿಯಾದ ಶಬ್ದ. ಸ್ಮೋಕ್ ಅಲಾರಂ ಎಂಬ ಚಿಕ್ಕ ಉಪಕರಣದ ಕಾಯಕ ಇದೇ.

ಹೊಗೆ ಮೇಲಕ್ಕೇರುವುದರಿಂದ ಇದನ್ನು ಮಲಗುವ ಕೋಣೆಯ ಚಾವಣಿಗೆ ಅಳವಡಿಸಬೇಕು. ಒಲೆ, ಪೂಜಾಗೃಹಗಳ ಸಮೀಪ ಬೇಡ. ಒಗ್ಗರಣೆ, ಧೂಪಗಳ ಹೊಗೆಗೆ ಪದೇ ಪದೇ ಕೂಗಿದರೆ ಬೇಸತ್ತವರು ಬ್ಯಾಟರಿಯನ್ನೇ ತೆಗೆದಿಡುವುದುಂಟು. ಅದು ಕಾವಲುಗಾರನ ಬಾಯಿ ಕಟ್ಟಿದಂತೆ. ಪ್ರತಿ ಅಮಾವಾಸ್ಯೆಯಂದು ಅದರ ಗುಂಡಿಯನ್ನೊತ್ತಿ ಶಬ್ದ ಬರುವುದನ್ನು ಪರೀಕ್ಷಿಸೋಣ. 10 ವರ್ಷ ತುಂಬಿದೊಡನೆ ಬದಲಿಸೋಣ.

ಅಡುಗೆ ಅನಿಲದ ಸೋರಿಕೆಯನ್ನು ಈ ಉಪಕರಣ ಅರಿಯದು. ಆದುದರಿಂದ ಮಲಗುವ ಮುನ್ನ ರೆಗ್ಯುಲೇಟರನ್ನು ಮುಚ್ಚಿ, ದೀಪವನ್ನು ಶಾಂತಗೊಳಿಸೋಣ. ಅಲಾರಂ ಕೂಗಿದರೆ ಒಡವೆ ವಸ್ತ್ರಗಳನ್ನು ಅರಸದೆ, ಬಾಗಿ ತೆವಳಿಯಾದರೂ ಎಲ್ಲರೂ ಹೊರಬಂದು 112ಕ್ಕೆ ಕರೆ ಮಾಡಬೇಕು.

ಶರಣರು ದೇಹವನ್ನೇ ದೇಗುಲವೆಂದು ಬಗೆದರು. ಅದನ್ನು ಕಾಯುವ ಈ ಎಚ್ಚರವೂ ಶಿವಪೂಜೆಯ ಅಂಗವೆಂದೇ ನಾವು ಭಾವಿಸೋಣ.